ಮಾತು ಬಾರದವನನ್ನು ನೋಡಿ ನಗುವಾಗ

ರೋಹಿತ್ ಶೆಟ್ಟಿಯವರ 'ಗೋಲ್‌ಮಾಲ್ 3' ತೆರೆಕಂಡದ್ದು 2010ರ ನವೆಂಬರ್‌ನಲ್ಲಿ. ಈ ಸರಣಿಯನ್ನು ಮೆಚ್ಚಿದವರ ತೀರ್ಪು ಬಹುತೇಕ ಒಂದೇ: ತರ್ಕ ಹುಡುಕಬೇಡಿ, ಮನೆಮಂದಿಯೆಲ್ಲ ಕೂತು ನಕ್ಕು ಏಳಿ. ಚಳ್ಳಕೆರೆಯಂಥ ಊರಿನಲ್ಲಿ ದಖ್ಖನಿ ಉರ್ದು ಮನೆಮಾತಾದವರಿಗೆ ಈ ಹಿಂದಿ ನಗೆಗೆ ಅನುವಾದವೂ ಬೇಕಿಲ್ಲ. ಇಳಿವಯಸ್ಸಿನ ಇಬ್ಬರ ಮದುವೆಯನ್ನು ಚಿತ್ರ ಅಕ್ಕರೆಯಿಂದಲೇ ಕಾಣುತ್ತದೆ. ಅದು ಸಣ್ಣ ಮಾತಲ್ಲ.

ಆದರೆ 'ಮನೆಮಂದಿ' ಎಂದರೆ ಯಾರ್‍ಯಾರು? ತುಷಾರ್ ಕಪೂರ್ ನಟಿಸಿದ ಲಕ್ಕಿಗೆ ಮಾತು ಬಾರದು. ಶ್ರೇಯಸ್ ತಲ್ಪಡೆಯ ಲಕ್ಷ್ಮಣನಿಗೆ ಉಗ್ಗು. ಲಕ್ಕಿ ಬಡಪಾಯಿಯಲ್ಲ, ಗೆಳೆಯರಷ್ಟೇ ಕಿಲಾಡಿ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಆದರೂ ನಾವು ಹೆಚ್ಚು ನಗುವುದು ಅವನ ಕಿಲಾಡಿತನಕ್ಕಲ್ಲ, ಗಂಟಲಿನಿಂದ ಹೊರಡುವ ಸದ್ದಿಗೆ. ನಮ್ಮ ಓಣಿಗಳಲ್ಲಿ ಉಗ್ಗುವ ಹುಡುಗನಿಗೆ 'ಹಕ್ಲಾ' ಎಂಬುದೇ ಹೆಸರಾಗಿಬಿಡುತ್ತದೆ. ಲಗ್ನಪತ್ರಿಕೆ ಅಚ್ಚಾಗುವವರೆಗೆ ನಿಜ ಹೆಸರು ನೆರೆಯವರಿಗೂ ತಿಳಿದಿರುವುದಿಲ್ಲ. ಕುರ್‌ಆನಿನ ಹುಜುರಾತ್ ಅಧ್ಯಾಯ ಗೇಲಿಯನ್ನು ನಿಷೇಧಿಸುವಾಗ ಅದರ ಜೊತೆಯಲ್ಲೇ ಹೀನಾಯದ ಅಡ್ಡಹೆಸರುಗಳನ್ನೂ ನಿಷೇಧಿಸಿದೆ. ಅದನ್ನು ಓದಿ ಬಂದವರೇ ಓಣಿಯಲ್ಲಿ ಹಾಗೆ ಕೂಗುತ್ತೇವೆ.

2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 'ಆಂಖ್ ಮಿಚೋಲಿ' ಎಂಬ ಇನ್ನೊಂದು ಹಿಂದಿ ಹಾಸ್ಯಚಿತ್ರದ ಪ್ರಕರಣದಲ್ಲಿ, ಅಂಗವೈಕಲ್ಯವನ್ನು ಅರ್ಥಮಾಡಿಸುವ ಹಾಸ್ಯ ಬೇರೆ, ಹೀಯಾಳಿಸುವ ಹಾಸ್ಯ ಬೇರೆ ಎಂದಿತು. ಗೆರೆ ಸರಿಯಾದದ್ದೇ. ಚಿತ್ರಮಂದಿರದ ಕತ್ತಲಲ್ಲಿ ಅದನ್ನು ಎಳೆದುಕೊಳ್ಳಬೇಕಾದವರು ಮಾತ್ರ ನಾವೇ.

ಪಕ್ಕದಲ್ಲಿ ಕೂತ ಉಗ್ಗುವವನೂ ನಗುತ್ತಾನಲ್ಲ, ಅವನಿಗಿಲ್ಲದ ನೋವು ನಿಮಗೇಕೆ ಎನ್ನುವವರಿದ್ದಾರೆ. ನಗದಿದ್ದರೆ ಮುಂದಿನ ಗೇಲಿ ತನ್ನದೇ ಎಂಬುದು ಅವನಿಗೆ ಗೊತ್ತು.