ಪರಸ್ಥಳದ ಕಾಯಕ

ಹುಟ್ಟಿದ ಊರಿನ ಮೇಲೆ ಮನುಷ್ಯನಿಗಿರುವ ಮಮತೆ ಸಹಜವಾದುದು. ತಾಯಿ ಎತ್ತಿ ಆಡಿಸಿದ ಅಂಗಳ, ಹಿರಿಯರ ಗದ್ದುಗೆ, ಬಾಲ್ಯದಲ್ಲಿ ಈಸು ಕಲಿತ ಹಳ್ಳ, ನೆರೆಹೊರೆಯವರ ದನಿ, ಇವೆಲ್ಲವೂ ಕೂಡಿ ಅವನ ಅಂತರಂಗದಲ್ಲಿ ಇನ್ನೊಂದು ಮನೆಯನ್ನು ಕಟ್ಟಿರುತ್ತವೆ. ಅದನ್ನು ಬಿಟ್ಟು, ಮುಖಪರಿಚಯವುಳ್ಳವರು ಒಬ್ಬರೂ ಇಲ್ಲದ ಪಟ್ಟಣಕ್ಕೆ ಉದ್ಯೋಗಕ್ಕಾಗಿ ಹೋಗಬೇಕೆ ಬೇಡವೆ ಎಂಬ ಪ್ರಶ್ನೆ ಅನೇಕ ಭಕ್ತ ಗೃಹಸ್ಥರ ಮುಂದೆ ಬಂದು ನಿಲ್ಲುವುದುಂಟು. ಇದು ಕೇವಲ ಲೌಕಿಕ ವ್ಯವಹಾರವೆಂದು ಬಗೆದು ಸಂಬಳದ ಅಂಕೆಯನ್ನಷ್ಟೇ ನೋಡಿ ತೀರ್ಮಾನಿಸುವವರುಂಟು. ಪರಸ್ಥಳವೆಂದರೆ ಆಚಾರ ಕೆಡುವ ಸ್ಥಳವೆಂದು ಹೆದರಿ ಬಾಗಿಲು ಹಾಕಿಕೊಳ್ಳುವವರೂ ಉಂಟು. ಶರಣಮಾರ್ಗವು ಈ ಎರಡನ್ನೂ ಒಪ್ಪುವುದಿಲ್ಲ. ಕಾಯಕವನ್ನು ಪೂಜೆಗೆ ಸಮನಾಗಿ ಎಣಿಸಿದ ಧರ್ಮದಲ್ಲಿ, ಆ ಕಾಯಕವನ್ನು ಎಲ್ಲಿ ಮಾಡಬೇಕೆಂಬುದೂ ಧರ್ಮದ ಪ್ರಶ್ನೆಯೇ ಆಗಿದೆ.

ಈ ವಿಷಯದಲ್ಲಿ ಮೊದಲು ಸ್ಮರಿಸಬೇಕಾದುದು ಬಸವಣ್ಣನವರ ಚರಿತ್ರೆ. ಬಾಗೇವಾಡಿಯನ್ನು ತೊರೆದು, ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮಕ್ಕೆ ಬಂದ ಅವರು ಸಂಗಮನಾಥನ ಪೂಜೆಯಲ್ಲಿ ಮಗ್ನರಾಗಿದ್ದರು. ಮುಂದಿನ ವೃತ್ತಾಂತವನ್ನು ಹರಿಹರ ಕವಿಯು ಬಸವರಾಜದೇವರ ರಗಳೆಯಲ್ಲಿ ವರ್ಣಿಸಿದ್ದಾನೆ. ಬಿಜ್ಜಳನು ಆಳುವ ಮಂಗಳವಾಡಕ್ಕೆ ಹೋಗೆಂದು ದೇವನು ಕನಸಿನಲ್ಲಿ ಅಪ್ಪಣೆಯಿತ್ತಾಗ ಬಸವಣ್ಣನವರು ಹಿಗ್ಗಲಿಲ್ಲ. ಸಂಗಮನಾಥನನ್ನು ಅಗಲಿ ಬದುಕುವುದೆಂತು ಎಂದು ದುಃಖಿಸಿದರು. ದೇವನು ಆ ದುಃಖವನ್ನು ಕಡೆಗಣಿಸಲಿಲ್ಲ. ಆದರೆ ಅಪ್ಪಣೆಯನ್ನು ಹಿಂತೆಗೆದುಕೊಳ್ಳಲೂ ಇಲ್ಲ. ಮರುದಿನ ನಂದಿಯ ಮುಖದಿಂದ ಲಿಂಗರೂಪವಾಗಿ ಭಕ್ತನ ಕೈಗೇ ಬಂದನು. ಆ ಬಳಿಕ ಬಸವಣ್ಣನವರು ಮಂಗಳವಾಡಕ್ಕೆ ಹೋಗಿ ಕರಣಿಕರ ನಡುವೆ ಲೆಕ್ಕದ ಕಾಯಕಕ್ಕೆ ನಿಂತರು. ಮುಂದೆ ಕಲ್ಯಾಣದಲ್ಲಿ ಭಂಡಾರಿಗಳಾದರು.

ಈ ಕಥೆಯ ಕ್ರಮವನ್ನು ಭಕ್ತರು ಚೆನ್ನಾಗಿ ಗಮನಿಸಬೇಕು. ಪರಸ್ಥಳಕ್ಕೆ ಹೋಗೆಂಬ ಆಜ್ಞೆ ಮೊದಲು, ಲಿಂಗವು ಕರಸ್ಥಲಕ್ಕೆ ಬಂದುದು ಅನಂತರ. ಗುಡಿಯು ಹೊಳೆಯ ದಡದಲ್ಲಿ ಉಳಿಯಿತು. ದೇವನು ಭಕ್ತನೊಡನೆ ಹೊರಟನು. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದವನಿಗೆ ಯಾವ ಪಟ್ಟಣವೂ ದೇವರಿಲ್ಲದ ಪಟ್ಟಣವಲ್ಲ. ಬಾಡಿಗೆಯ ಒಂದೇ ಕೋಣೆಯಲ್ಲಿಯೂ ಬೆಳಗಿನ ಅರ್ಧ ಗಳಿಗೆ ಲಿಂಗಪೂಜೆಗೆ ಸ್ಥಳ ಸಾಕು. ಊರು ಬಿಟ್ಟರೆ ದೇವರನ್ನು ಬಿಟ್ಟಂತೆ ಎಂಬ ಭಯಕ್ಕೆ ಶರಣಧರ್ಮದಲ್ಲಿ ಅವಕಾಶವೇ ಇಲ್ಲ.

ನೆಲವೂ ಶಾಶ್ವತವಲ್ಲ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಏರಿ ಬಂದ ಮೇಲೆ, ಸಂಗಮದಲ್ಲಿರುವ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆಯೆತ್ತಿ ಅದನ್ನು ಕಾಪಾಡಬೇಕಾಯಿತು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನು ನುಂಗಿದಾಗ ಅಸಂಖ್ಯ ಮನೆತನಗಳು ನವನಗರಕ್ಕೆ ತೆರಳಿದವು. ತಾವಾಗಿ ಹೊರಡದವರನ್ನೂ ನೀರು ಹೊರಡಿಸಿತು. ಅವರ ಭಕ್ತಿ ಮುಳುಗಲಿಲ್ಲ.

ಶರಣರಲ್ಲಿ ಪರಸ್ಥಳದಿಂದ ಬಂದವರು ಅನೇಕರು. ಆದಯ್ಯನು ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಪುಲಿಗೆರೆಗೆ ಬಂದವನು; ಇಂದು ಗದಗ ಜಿಲ್ಲೆಯಲ್ಲಿರುವ ಲಕ್ಷ್ಮೇಶ್ವರವೇ ಆ ಪುಲಿಗೆರೆ. ಅವನು ಅಲ್ಲಿ ಪದ್ಮಾವತಿಯನ್ನು ವರಿಸಿ ನೆಲೆಸಿದನು. ಸೋಮನಾಥನನ್ನೇ ಪುಲಿಗೆರೆಗೆ ತಂದನೆಂಬ ಕಥೆಯನ್ನು ರಾಘವಾಂಕನು ಸೋಮನಾಥಚರಿತ್ರೆಯಲ್ಲಿ ನಿರೂಪಿಸಿದ್ದಾನೆ. ಆದಯ್ಯನ ವಚನಗಳ ನುಡಿ ಕನ್ನಡ, ಅಂಕಿತ ಸೌರಾಷ್ಟ್ರ ಸೋಮೇಶ್ವರ. ಸೇರಿದ ನಾಡಿನ ನುಡಿಯನ್ನು ತನ್ನದಾಗಿಸಿಕೊಂಡೂ ಬಿಟ್ಟುಬಂದ ನಾಡಿನ ದೇವನ ಹೆಸರನ್ನು ಮರೆಯದಿರುವುದು ಹೇಗೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಮೋಳಿಗೆಯ ಮಾರಯ್ಯನು ಕಾಶ್ಮೀರದಿಂದ ಪತ್ನಿಯೊಡನೆ ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರುವ ಕಾಯಕ ಹಿಡಿದನೆಂದು ಪರಂಪರೆ ಹೇಳುತ್ತದೆ. ಸಿದ್ಧರಾಮೇಶ್ವರರು ಸೊನ್ನಲಿಗೆಯಿಂದ ಕಲ್ಯಾಣಕ್ಕೆ ಬಂದು ಅನುಭಾವವನ್ನು ಪಡೆದರು. ಅವರ ಸಮಾಧಿ ಇರುವುದು ಮಾತ್ರ ಆ ಸೊನ್ನಲಿಗೆಯಲ್ಲಿಯೇ, ಇಂದಿನ ಸೊಲ್ಲಾಪುರದ ಕೆರೆಯ ನಡುವೆ. ಹೋಗಿ ನೆಲೆಸಿದವರೂ ಉಂಟು, ಹೋಗಿ ಮರಳಿದವರೂ ಉಂಟು. ಇಬ್ಬರೂ ಶರಣರೇ.

ಹಾಗಾದರೆ ಕರೆ ಬಂದ ಕೂಡಲೆ ಗಂಟು ಕಟ್ಟಬಹುದೆ? ಅದು ಸಲ್ಲದು. ಲಿಂಗವು ಜೊತೆಗಿದೆಯೆಂಬುದು ಧೈರ್ಯಕ್ಕೆ ಆಧಾರವೇ ಹೊರತು ಅವಿವೇಕಕ್ಕೆ ಅಪ್ಪಣೆಯಲ್ಲ.

ಇಳಕಲ್ಲಿನ ಒಂದು ನೇಕಾರ ಮನೆಯನ್ನು ಭಾವಿಸಬಹುದು. ತಂದೆಯ ಕಣ್ಣು ಮಂದವಾಗುತ್ತಿದೆ. ಮಗನು ಮಗ್ಗವನ್ನೂ ಬಲ್ಲವನು, ಯಂತ್ರವಿದ್ಯೆಯನ್ನೂ ಕಲಿತವನು. ಪುಣೆಯ ಬಳಿಯ ಚಾಕಣದ ಮೋಟಾರು ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ ಬಂದಿದೆ. ಮನೆಯಲ್ಲಿ ಹೆಂಡತಿ, ಕನ್ನಡ ಶಾಲೆಗೆ ಹೋಗುವ ಮಗು. ಅವನು ಹೋದರೆ ಮಗ್ಗ ನಿಲ್ಲುತ್ತದೆ. ಹೋಗದಿದ್ದರೆ ಕಲಿತ ವಿದ್ಯೆ ತುಕ್ಕು ಹಿಡಿಯುತ್ತದೆ. ಇಂಥವನು ಮೂರು ಪರೀಕ್ಷೆಗಳನ್ನು ಮಾಡಿಕೊಳ್ಳಬೇಕು.

ಮೊದಲನೆಯದು ಕಾಯಕದ ಪರೀಕ್ಷೆ. ಅಲ್ಲಿ ದೊರೆಯುವುದು ಸತ್ಯಶುದ್ಧವಾದ ಕೆಲಸವೆ, ನೇಮಕದ ಪತ್ರ ಕಾರ್ಖಾನೆಯದೊ ಗುತ್ತಿಗೆದಾರನದೊ, ಭವಿಷ್ಯನಿಧಿಯುಂಟೊ ಇಲ್ಲವೊ ಎಂಬುದನ್ನು ಓದಿ ತಿಳಿಯದೆ ಹೊರಡಬಾರದು. ಸಂಬಳದ ದೊಡ್ಡ ಅಂಕೆ ಮೋಸಗೊಳಿಸುತ್ತದೆ. ಊರಿನಲ್ಲಿ ತಿಂಗಳಿಗೆ 12,000 ರೂಪಾಯಿ ಗಳಿಸಿ 7,000 ವೆಚ್ಚ ಮಾಡುವವನಿಗೆ 5,000 ಉಳಿಯುತ್ತದೆ. ಪಟ್ಟಣದಲ್ಲಿ 24,000 ದೊರೆತು, ಬಾಡಿಗೆಗೆ 8,000, ಊಟ, ಓಡಾಟ, ಶಾಲೆಗಳಿಗೆ 12,000 ಹೋದರೆ ಉಳಿಯುವುದು 4,000. ಸಂಬಳ ಇಮ್ಮಡಿಯಾಯಿತು, ಉಳಿತಾಯ ಒಂದು ಸಾವಿರ ಇಳಿಯಿತು. ವಿದ್ಯೆ ಬೆಳೆಯುವುದಾದರೆ ಇಂಥ ನಷ್ಟವನ್ನೂ ಕೆಲವು ವರ್ಷ ಸಹಿಸಬಹುದು. ಆದರೆ ಅದು ತಿಳಿದು ಮಾಡಿದ ತ್ಯಾಗವಾಗಬೇಕು, ತಿಳಿಯದೆ ಬಿದ್ದ ಹಳ್ಳವಾಗಬಾರದು.

ಎರಡನೆಯದು ಮನೆಯವರ ಸಮ್ಮತಿ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿದವಳು ಲಕ್ಕಮ್ಮ. ಗಂಡನು ತರುವುದು ಎಷ್ಟು, ಎಲ್ಲಿಂದ, ಏಕೆ ಎಂದು ಕೇಳುವ ಅಧಿಕಾರವನ್ನು ಶರಣರು ಸತಿಗೆ ಕೊಟ್ಟಿದ್ದರು. ಇಂದು ಎಷ್ಟೋ ಮನೆಗಳಲ್ಲಿ ಗಂಡಸರು ತೀರ್ಮಾನಿಸಿದ ಮೇಲೆ ಹೆಂಡತಿಗೆ ಸುದ್ದಿ ಮಾತ್ರ ತಿಳಿಯುತ್ತದೆ. ಪರಭಾಷೆಯ ನೆರೆಯಲ್ಲಿ, ಮುಚ್ಚಿದ ಬಾಗಿಲುಗಳ ನಡುವೆ, ಹಗಲೆಲ್ಲ ಒಂಟಿಯಾಗಿ ಇರಬೇಕಾದವಳು ಅವಳು. ಊರಿನಲ್ಲಿಯೇ ಉಳಿದರೆ ಅತ್ತೆಮಾವಂದಿರ ಆರೈಕೆಯ ಭಾರವನ್ನೆಲ್ಲ ಹೊರುವವಳೂ ಅವಳೇ. ಅವಳ ಮಾತನ್ನು ಕೇಳದೆ ಮಾಡಿದ ತೀರ್ಮಾನವು ಅರ್ಧ ತೀರ್ಮಾನ. ಹಾಗೆಯೇ ತಂದೆತಾಯಿಗಳ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು. ಮಗನ ಏಳಿಗೆಗೆ ಅಡ್ಡಿಯಾಗಬಾರದೆಂದು ಬಾಯಿ ಮುಚ್ಚಿಕೊಂಡ ಮುದುಕನಿಗೆ ರಾತ್ರಿಯಲ್ಲಿ ನೀರು ಕೊಡುವವರಾರು, ಆಸ್ಪತ್ರೆಗೆ ಕರೆದೊಯ್ಯುವವರಾರು ಎಂಬುದನ್ನು ಹೆಸರು ಹಿಡಿದು ಗೊತ್ತುಮಾಡಿದ ಮೇಲೆಯೇ ಹೊರಡತಕ್ಕದ್ದು.

ಮೂರನೆಯದು ದಾಸೋಹದ ಪರೀಕ್ಷೆ. ಗಳಿಕೆಯೆಲ್ಲ ತನಗೇ ಸಾಲದೆನ್ನುವ ಬದುಕಿಗೆ ಹೋಗುತ್ತಿದ್ದೇನೆಯೆ, ಅಲ್ಪವಾದರೂ ಪರರಿಗೆ ಸಲ್ಲಿಸುವ ಬದುಕಿಗೆ ಹೋಗುತ್ತಿದ್ದೇನೆಯೆ ಎಂದು ಅವನು ತನ್ನನ್ನೇ ಕೇಳಿಕೊಳ್ಳಬೇಕು. ಪಟ್ಟಣದಲ್ಲಿ ದಾಸೋಹಕ್ಕೆ ಛತ್ರ ಕಟ್ಟಿಸಬೇಕಾದುದಿಲ್ಲ. ತನ್ನ ಹಿಂದೆ ಅದೇ ದಾರಿಯಲ್ಲಿ ಬರುವ ಊರಿನ ಹುಡುಗನಿಗೆ ಎರಡು ರಾತ್ರಿ ಚಾಪೆ ಹಾಸಿಕೊಟ್ಟು, ಬಾಡಿಗೆಯ ಕೋಣೆಯನ್ನು ಹುಡುಕಿಕೊಟ್ಟರೆ ಅದೂ ದಾಸೋಹ.

ಈ ಮೂರರಲ್ಲಿ ನಿಂತ ಮೇಲೂ ಉಳಿಯುವ ಭಯವೊಂದಿದೆ: ಅಪರಿಚಯದ ಭಯ. ಅದನ್ನು ಹೋಗಲಾಡಿಸುವುದು ಉಪದೇಶವಲ್ಲ, ಪರಿಚಯ. ಸಾಧ್ಯವಾದರೆ ಒಮ್ಮೆ ಒಂಟಿಯಾಗಿ ಹೋಗಿ ಎಂಟು ದಿನವಿದ್ದು ನೋಡಿಬರಬೇಕು. ಆ ನಾಡಿನ ನುಡಿಯನ್ನು ಹೊರಡುವ ಮುನ್ನವೇ ಕಲಿಯತೊಡಗಬೇಕು. ಮಂಗಳವಾಡವು ಇಂದು ಮಂಗಳವೇಢೆಯೆಂಬ ಹೆಸರಿನಿಂದ ಮಹಾರಾಷ್ಟ್ರದಲ್ಲಿಯೇ ಇದೆ, ಸೊಲ್ಲಾಪುರವೂ ಅಲ್ಲಿಯೇ. ಶರಣರ ಹೆಜ್ಜೆ ಬಿದ್ದ ನೆಲವು ನಕ್ಷೆಯ ಗೆರೆಯಿಂದ ಪರಕೀಯವಾಗುವುದಿಲ್ಲ. ಮನೆಯಲ್ಲಿ ಮಗುವಿನೊಡನೆ ಕನ್ನಡವನ್ನಾಡುತ್ತ, ಬೀದಿಯಲ್ಲಿ ಮರಾಠಿಯನ್ನು ಪ್ರೀತಿಯಿಂದ ಕಲಿತರೆ ಎರಡೂ ಉಳಿಯುತ್ತವೆ. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ ಕೊಂಡಿಗಳಿಂದ ಕೂಡಿಸುತ್ತಾರೆ. ಬಣ್ಣ ಬೇರೆ, ನೂಲು ಬೇರೆ. ಕೊಂಡಿ ಗಟ್ಟಿಯಾಗಿದ್ದರೆ ಸೀರೆ ಒಂದೇ. ಊರಿಗೂ ಪಟ್ಟಣಕ್ಕೂ ನಡುವಣ ಕೊಂಡಿಯೆಂದರೆ ತಪ್ಪದೆ ಕಳುಹುವ ಹಣ, ತಪ್ಪದೆ ಆಡುವ ಮಾತು, ತಪ್ಪದೆ ಬರುವ ಬರವು.

ಪರೀಕ್ಷಿಸಿ ನೋಡಿ, ಹೋಗುವುದು ಸಲ್ಲದೆಂದು ಕಂಡುಬಂದವನು ಊರಿನಲ್ಲಿಯೇ ಉಳಿಯಲಿ. ಅವನನ್ನು ಹೇಡಿಯೆಂದು ಯಾರೂ ಜರೆಯಬಾರದು. ಕಣ್ಣು ಮಂದವಾದ ತಂದೆಯ ಬಳಿ ಕುಳಿತು ಮಗ್ಗದ ಲಾಳಿಯನ್ನು ಆಡಿಸುವುದೂ ಕಾಯಕವೇ. ಆದರೆ ಉಳಿದವನು ಹೋಗದ ಪಟ್ಟಣವನ್ನು ನೆನೆದು ನಿತ್ಯವೂ ಕೊರಗಬಾರದು. ತಂದೆಯ ಮೇಲೆ ಆ ಋಣವನ್ನು ಹೊರಿಸಬಾರದು. ಹೋದವನೂ ಹಾಗೆಯೇ, ಬಿಟ್ಟುಬಂದ ಅಂಗಳವನ್ನು ನೆನೆಯುತ್ತ ಕೈಯಲ್ಲಿರುವ ಕೆಲಸವನ್ನು ಕೆಡಿಸಬಾರದು. ಹೋಗಿ ನೋಡಿ ಸಲ್ಲದೆಂದು ಮರಳಿದವನನ್ನು ಊರಿನವರು ನಗದೆ ಬರಮಾಡಿಕೊಳ್ಳಬೇಕು. ಮರಳುವ ದಾರಿ ತೆರೆದಿದೆಯೆಂಬ ನಂಬಿಕೆಯಿದ್ದರೆ ಹೋಗುವವನ ಕಾಲಿಗೆ ಬಲ ಬರುತ್ತದೆ.

ಆದುದರಿಂದ ಭಕ್ತರು ಆಸೆಯಿಂದ ಓಡಬಾರದು, ಅಂಜಿಕೆಯಿಂದ ನಿಲ್ಲಬಾರದು. ಕಾಯಕವನ್ನು ತೂಗಿ, ಮನೆಯವರನ್ನು ಕೇಳಿ, ದಾಸೋಹವನ್ನು ನೆನೆದು, ಕರಸ್ಥಲದ ಲಿಂಗವನ್ನು ದಿಟ್ಟಿಸಿ ನೋಡಿ ನಿಶ್ಚಯಿಸಲಿ. ನಿಶ್ಚಯಿಸಿದ ಮೇಲೆ ಹೆಜ್ಜೆ ಅಳುಕದಿರಲಿ. ಹೋದವರಿಗೂ ಉಳಿದವರಿಗೂ ಒಂದೇ ಲಿಂಗದ ಕೃಪೆಯಿರುವುದು.