ಮಂದೆ ಯಾರದು?



ಮಳವಳ್ಳಿ ತಾಲ್ಲೂಕಿನ ಬಂಡೂರು ದೂರದ ಊರುಗಳಲ್ಲಿಯೂ ಹೆಸರುಗೊಂಡಿರುವದು ತನ್ನ ಕುರಿಗಳಿಂದಲೇ. ಗಿಡ್ಡ ಕಾಲು, ತಗ್ಗಿನ ಮೈ. ಹಿಂದಿನಿಂದ ನೋಡಿದರೆ ತೆರೆದ ಬದಿಯನ್ನು ಕೆಳಗೆ ಮಾಡಿ ಹಿಡಿದ ಲಾಳದ ಆಕಾರ. ಕೆಲವೇ ಕುರಿಗಳನ್ನು ಸಾಕುವ ಮನೆಯ ಯಜಮಾನನು ಒಂದೊಂದರ ಗುಣವನ್ನೂ ಬಲ್ಲನು. ಇಷ್ಟು ಅಕ್ಕರೆ ಯಾತಕ್ಕೆ? ಬೆಲೆಗೋಸ್ಕರ, ಆ ಮಾಂಸದ ರುಚಿ ಪ್ರಸಿದ್ಧವಾದದ್ದು. ಇದರಲ್ಲಿ ತಪ್ಪಿಲ್ಲ, ಯಾಕಂದರೆ ಕುರಿಯು ಅವನ ಸೊತ್ತು.

ಆದರೆ ಸಭೆಯನ್ನು ಮಂದೆಯೆಂದೂ ಹಿರಿಯರನ್ನು ಕುರುಬರೆಂದೂ ಕರೆಯುವ ನಾವು ಇಲ್ಲಿ ನಿಂತು ಯೋಚಿಸಬೇಕು. ಚೆನ್ನಾಗಿ ಮೇಯಿಸುವದು ಮಾತ್ರವೇ ಒಳ್ಳೇ ಕುರುಬನ ಗುರುತಾದರೆ, ಸಂತೆಗಾಗಿ ಸಾಕುವವನೂ ಒಳ್ಳೇ ಕುರುಬನೇ. ಹಾಗಾದರೆ ಮೇಯಿಸುವದು ಯಾರ ಲಾಭಕ್ಕೆ? ಯೆಹೆಜ್ಕೇಲನು ತನ್ನ ಗ್ರಂಥದ 34ನೇ ಅಧ್ಯಾಯದಲ್ಲಿ ಖಂಡಿಸಿದ್ದು ತಮ್ಮನ್ನೇ ಪೋಷಿಸಿಕೊಂಡ ಕುರುಬರನ್ನು.

ನನ್ನ ತಪ್ಪನ್ನೇ ಮೊದಲು ಹೇಳುವೆನು. ಕೆಲವು ವರ್ಷಗಳ ಹಿಂದೆ ಒಂದು ಚಿಕ್ಕ ಸಭೆಯಲ್ಲಿ ಉಪದೇಶಿಯಾಗಿದ್ದೆನು. ಪ್ರಾರ್ಥನೆ, ಪಾಠ, ಕಾಣಿಕೆಯ ಲೆಕ್ಕ, ಗುಡಿಯ ಬೀಗದ ಕೈ ಎಲ್ಲವೂ ನನ್ನಲ್ಲಿಯೇ ಇದ್ದವು. ಜನರು ಓದದವರು, ಅವರಿಗೆ ಯಾಕೆ ಶ್ರಮವೆಂದು ಅಂದುಕೊಂಡೆನು. ಅದನ್ನು ಪ್ರೀತಿಯೆಂದೇ ನಂಬಿದೆನು. ಆಗ ನನಗೆ ಜ್ವರ ಬಂದಿತು. ಐದು ಆದಿತ್ಯವಾರ ಗುಡಿ ತೆರೆಯಲಿಲ್ಲ. ಗುಣವಾದ ಮೇಲೆ ಒಬ್ಬ ಮುದುಕಿಯನ್ನು ಕೇಳಿದೆನು, ನೀವೇ ಕೂಡಿ ಪ್ರಾರ್ಥಿಸಬಾರದಾಗಿತ್ತೇ ಎಂದು. ಅವಳು, "ಅಯ್ಯಾ, ಬೀಗದ ಕೈ ಕೇಳಲಿಕ್ಕೆ ಹೆದರಿದೆವು" ಅಂದಳು. ನನ್ನ ಸೇವೆಯ ಫಲವನ್ನು ಅಂದೇ ಕಂಡೆನು. ನಾನು ಅವರನ್ನು ಮೇಯಿಸಿದ್ದು ನಿಜ. ಆದರೆ ನನ್ನ ದೊಡ್ಡಸ್ತಿಕೆಗಾಗಿ ಮೇಯಿಸಿದೆನು.

ನಮ್ಮ ಸೀಮೆಯಲ್ಲಿ ವಂಶಪಾರಂಪರ್ಯವಾದ ಪಟೇಲಗಿರಿಯು 1961ರ ಕಾಯಿದೆಯಿಂದ ರದ್ದಾಯಿತು. ದಕ್ಷಿಣ ಭಾರತ ಸಭೆಯು 1947ನೇ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸ್ಥಾಪಿತವಾದಾಗ ಸಭಾಜನರಿಗೂ ಆಡಳಿತದಲ್ಲಿ ಪಾಲು ಇಡಲ್ಪಟ್ಟಿತು. ಕಾಯಿದೆ ಬದಲಾಯಿತು, ನಿಬಂಧನೆ ಬದಲಾಯಿತು. ಆದರೂ ಪಟೇಲನ ಮನಸ್ಸು ಮಾತ್ರ ಬೀಗದ ಕೈಯಾಗಿ ನಮ್ಮ ಸೊಂಟದಲ್ಲಿ ಉಳಿದಿದೆ.

ಕೆಲವರು, "ಹಳ್ಳಿಯವರ ಕೈಗೆ ಕೊಟ್ಟರೆ ಕೆಲಸ ಕೆಡುವದು" ಅನ್ನುವರು. ಮೊದಮೊದಲು ಕೆಡಬಹುದು, ನಾನು ಅಲ್ಲಗಳೆಯೆನು. ಆದರೆ 1914ನ್ನು ನೆನಸಿರಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಜರ್ಮನ್ ಮಿಶನೆರಿಗಳನ್ನು ಯುದ್ಧಕಾಲದಲ್ಲಿ ಸರಕಾರವು ಸೆರೆಯಲ್ಲಿಟ್ಟು, ಬಳಿಕ ದೇಶದಿಂದ ಕಳುಹಿಸಿತು. ಆಗ ದೇಶೀಯ ಬೋಧಕರೂ ಹಿರಿಯರೂ ದೊಡ್ಡ ಭಾರವನ್ನು ಹೊರಬೇಕಾಯಿತು, ಸಭೆಗಳು ಅಳಿದುಹೋಗಲಿಲ್ಲ. ಹೊರುವ ಹೆಗಲುಗಳು ಮೊದಲೇ ಇದ್ದವು. ಹೊರೆಯನ್ನು ಇಳಿಸಿಕೊಡುವವರಿಗೆ ಮನಸ್ಸು ಬೇಕು, ಇದಕ್ಕೆ ಯುದ್ಧವೇ ಬರಬೇಕೇ?

ಮೋಶೆಯು ಬೆಳಗಿನಿಂದ ಸಂಜೆಯ ವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದಾಗ, ನೀನು ಮಾತ್ರವಲ್ಲ, ಜನರೂ ಬಳಲುವರೆಂದು ಅವನ ಮಾವನು ಎಚ್ಚರಿಸಿದನು. ಈ ಎರಡನೆಯ ಮಾತನ್ನು ನಾವು ಮರೆಯುತ್ತೇವೆ. ಕಾಯುತ್ತಾ ಕುಳಿತ ಜನರ ಬಳಲಿಕೆಯು ಕೆಲಸ ಮಾಡಿದವನ ಬಳಲಿಕೆಗಿಂತ ಕೆಟ್ಟದ್ದು, ಯಾಕಂದರೆ ಅದರಿಂದ ಬಲ ಬೆಳೆಯುವದಿಲ್ಲ.

ಆದದರಿಂದ ಸಹೋದರರಾದ ಹಿರಿಯರೇ, ಈ ಮೂರು ಪ್ರಶ್ನೆಗಳನ್ನು ನಿಮ್ಮ ಹೃದಯಕ್ಕೆ ಕೇಳಿಕೊಳ್ಳಿರಿ. ನಾನು ನಾಳೆ ಮಲಗಿದರೆ ಪ್ರಾರ್ಥನೆ ನಡಿಸುವವರು ಯಾರು? ಕಾಣಿಕೆಯ ಲೆಕ್ಕವನ್ನು ನನ್ನ ಹೊರತು ಯಾರು ಬಲ್ಲರು? ನನ್ನ ಮಾತಿಗೆ ಎದುರಾಗಿ ಒಬ್ಬ ಬಡ ವಿಧವೆಯು ಕಡೆಯ ಸಾರಿ ಮಾತಾಡಿದ್ದು ಯಾವಾಗ? ಮಂದೆ ನಮ್ಮದಲ್ಲ, ಕರ್ತನದು. ನಾವು ಇಲ್ಲದಿರುವಾಗಲೂ ಅದು ನಡೆಯಬಲ್ಲದಾದರೆ, ನಾವು ನಡಿಸಿದ್ದು ಸಾರ್ಥಕ. ಈ ಬುದ್ಧಿಯನ್ನು ಆತನು ಮೊದಲು ನನಗೂ ಆಮೇಲೆ ನಿಮಗೂ ಅನುಗ್ರಹಿಸಲಿ.