ಎಷ್ಟು ಬೋರಿನದು?

ನಮ್ಮ ಕಲಬುರಗಿ ಸೀಮೆಯಲ್ಲಿ ಬೋರ್ ಎಂದರೆ ಮೊದಲು ನೆನಪಾಗುವುದು ಕೊಳವೆಬಾವಿ. ನಾಲ್ಕೂವರೆ ಇಂಚಿನದೋ ಆರೂವರೆ ಇಂಚಿನದೋ, ಎಷ್ಟು ಫೂಟಿಗೆ ನೀರು ಬಿತ್ತು, ಬೇಸಿಗೆ ಬಂತೆಂದರೆ ಇದೇ ಮಾತು. ರಿವಾಲ್ವರಿಗೂ ಬೋರ್ ಎಂಬುದೊಂದು ಇರುತ್ತದೆ, ಅದನ್ನು ಇಂಚಿನ ನೂರನೆಯ ಭಾಗಗಳಲ್ಲಿ ಅಳೆಯುತ್ತಾರೆ ಎಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. .22 ಎಂದರೆ ಸುಮಾರು ಐದೂವರೆ ಮಿಲಿಮೀಟರು, ಒಂದು ತೊಗರಿಕಾಳಿನಷ್ಟು. .32 ಎಂದರೆ ಎಂಟು ಮಿಲಿಮೀಟರು, ಒಂದು ಕಡಲೆಕಾಳು. .38 ಎನ್ನುವುದು ಹೆಸರಿಗೆ ಮಾತ್ರ. ಅದರ ಗುಂಡನ್ನು ಅಳೆದರೆ.36ರ ಆಸುಪಾಸಿನಲ್ಲೇ ನಿಲ್ಲುತ್ತದೆಯಂತೆ. ರೆಡಿಮೇಡ್ ಬ್ಲೌಸಿನ ನಂಬರಿನ ಹಾಗೆ ಅನ್ನಿ.

ಇಷ್ಟೆಲ್ಲ ನಾನು ಕಲಿಯಬೇಕಾಗಿ ಬಂದದ್ದು ನಮ್ಮ ವೈನಿಯಿಂದ. ಅಣ್ಣ ತೀರಿಕೊಂಡ ಮೇಲೆ ಕಮಲಾಪುರದ ಹತ್ತಿರದ ಹೊಲದ ಮನೆಯಲ್ಲಿ ಅವರು ಒಬ್ಬರೇ ಇದ್ದಾರೆ. ಕೆಂಪು ಬಾಳೆಯ ತೋಟ. ಆ ಬಾಳೆ ಅವಸರದ ಬೆಳೆಯಲ್ಲ, ಗೊನೆ ಕೈಗೆ ಬರಲು ಹೆಚ್ಚುಕಡಿಮೆ ಒಂದೂವರೆ ವರ್ಷ ಕಾಯಬೇಕು. ನಡುವೆ ಬಿಟ್ಟು ಬಾ ಎಂದರೆ ಬರುವವರಲ್ಲ ವೈನಿ. ಅಣ್ಣನ ಹತ್ತಿರ ಒಂದು .32 ರಿವಾಲ್ವರ್ ಇತ್ತು, ಲೈಸೆನ್ಸಿನದು. ಲೈಸೆನ್ಸುದಾರರು ತೀರಿಕೊಂಡರೆ ಆಯುಧವನ್ನು ಠಾಣೆಯಲ್ಲೋ ಲೈಸೆನ್ಸುಳ್ಳ ಅಂಗಡಿಯಲ್ಲೋ ಒಪ್ಪಿಸಬೇಕು. ವಾರಸುದಾರರಿಗೆ ಅದು ಬೇಕೆಂದರೆ ತಮ್ಮ ಹೆಸರಿಗೆ ಲೈಸೆನ್ಸು ಕೇಳಬೇಕು, ಬೇಡವೆಂದರೆ ಮಾರಬೇಕು. ಹೈದರಾಬಾದಿನಲ್ಲಿರುವ ಮಗನಿಗೆ ತಾಯಿಯ ಚಿಂತೆ. ಒಂದು ಭಾನುವಾರ ನಮ್ಮ ಮನೆಗೆ ಬಂದವನು, "ಅತ್ತೀ, ನೀವರ ಅವ್ವಗ ಹೇಳ್ರಿ. ಅಪ್ಪಂದು ಭಾಳ ವಜ್ಜಿ ಅದ. ಅದನ್ನ ಮಾರಿ ಹಗುರಂದೊಂದು ತೊಗೊಳ್ಳಲಿ. ಹೆಣ್ಣಮಕ್ಕಳ ಸಲುವಾಗೇ ಮಾಡ್ಯಾರ" ಎಂದ.

ಅವನು ಹೇಳಿದ್ದು 'ನಿರ್ಭೀಕ್' ಎಂಬ ರಿವಾಲ್ವರಿನ ವಿಷಯ. ಡಿಸೆಂಬರ್ 2012ರ ದೆಹಲಿಯ ಆ ಬಸ್ಸಿನ ಘಟನೆಯನ್ನು ಯಾವ ಹೆಣ್ಣೂ ಮರೆತಿರಲಾರಳು. ಅದಾಗಿ ಒಂದು ವರ್ಷ ಕಳೆದ ಮೇಲೆ, ಜನವರಿ 2014ರಲ್ಲಿ, ಕಾನ್ಪುರದ ಸರ್ಕಾರಿ ಕಾರ್ಖಾನೆ ಇದನ್ನು ಹೊರತಂದಿತು. ಆ ಹುಡುಗಿಗೆ ಪತ್ರಿಕೆಗಳು ಇಟ್ಟ ನಿರ್ಭಯಾ ಎಂಬ ಹೆಸರಿನ ನೆರಳಿನಲ್ಲೇ ಇದಕ್ಕೂ ಹೆಸರು. .32 ಬೋರು, ಟೈಟೇನಿಯಂ ಮಿಶ್ರಲೋಹದ ಮೈ, ಸುಮಾರು 500 ಗ್ರಾಂ ತೂಕ. ಆಗಿನ ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರ ರೂಪಾಯಿಯ ಮೇಲೆ. ಪರ್ಸಿನಲ್ಲಿ ಹಿಡಿಸುತ್ತದೆ ಎಂಬುದು ದೊಡ್ಡ ಹೆಗ್ಗಳಿಕೆ. ಇನ್ನೂ ಒಂದು ಮಾತು ಓದಿ ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ: ಅದನ್ನು ಕೊಡುತ್ತಿದ್ದದ್ದು ಮರೂನ್ ಬಣ್ಣದ, ಒಡವೆಯ ಡಬ್ಬಿಯಂಥ ಪೆಟ್ಟಿಗೆಯಲ್ಲಿ. ಹೆಂಗಸರಿಗೆ ಆಭರಣ ಇಷ್ಟ ಅಲ್ಲವೇ, ಅದಕ್ಕೆ!

ಅರ್ಧ ಕಿಲೋ ಎಂದರೆ ಅರ್ಧ ಕಿಲೋ ತೊಗರಿಬೇಳೆ. ಅಣ್ಣನದು 700 ಗ್ರಾಮಿನ ಆಸುಪಾಸು. ಇನ್ನೂರು ಗ್ರಾಮಿನ ಫರಕು. ನಾವು ಅತ್ತೆ, ಅಳಿಯ, ವೈನಿ ಮೂವರೂ ಚಹಾ ಕುಡಿಯುತ್ತ ಒಂದು ತಾಸು ಈ ಫರಕಿನ ಮೇಲೆ ಮಾತಾಡಿದೆವು. .22 ಆದರೆ ಕೈಗೆ ಒದೆತ ಕಡಿಮೆ, ಸದ್ದೂ ಕಡಿಮೆ, ಆದರೆ ಒಂದೇ ಗುಂಡಿಗೆ ಎದುರಿನವ ನಿಲ್ಲುತ್ತಾನೆಂಬ ಭರವಸೆ ಇಲ್ಲ. .32 ಆದರೆ ಪರವಾಗಿಲ್ಲ. ಅದೇ ಗುಂಡನ್ನು ಹಗುರ ರಿವಾಲ್ವರಿನಿಂದ ಹಾರಿಸಿದರೆ ಮಣಿಕಟ್ಟಿಗೆ ಬೀಳುವ ಒದೆತ ಮಾತ್ರ ಹೆಚ್ಚು. ತೂಕ ಕಳೆದದ್ದಕ್ಕೆ ಅಲ್ಲಿ ಲೆಕ್ಕ ಚುಕ್ತಾ ಆಗುತ್ತದೆ. .38, 9 ಎಂ.ಎಂ.ಗಳ ಮಾತೇ ಇಲ್ಲ. ಅವು ಪೊಲೀಸು, ಮಿಲಿಟರಿಯವರ ಅಳತೆಗಳು, ಸಾಮಾನ್ಯರಿಗೆ ಲೈಸೆನ್ಸು ಸಿಕ್ಕುವುದಿಲ್ಲ. ಪಿಸ್ತೂಲಿಗಿಂತ ರಿವಾಲ್ವರ್ ಸರಳ, ತಿರುಗುವ ಗಾಲಿಯಲ್ಲಿ ಆರು ಗುಂಡು, ಒಂದು ಸಿಡಿಯದಿದ್ದರೆ ಕುದುರೆ ಮತ್ತೊಮ್ಮೆ ಎಳೆದರಾಯಿತು. ಅಳಿಯನಿಗೆ ಎಲ್ಲ ಬಾಯಿಪಾಠ. ಕೇಳುತ್ತಾ ಕೇಳುತ್ತಾ ನನಗೂ ರುಚಿ ಹತ್ತಿತು. ಸೀರೆ ಅಂಗಡಿಯಲ್ಲಿ ಜಮಖಾನೆಯ ಮೇಲೆ ಕೂತು, ಇದರ ಬಣ್ಣ ಚೆಂದ ಆದರೆ ಸೆರಗು ಸಣ್ಣದು ಎನ್ನುತ್ತೇವಲ್ಲ, ಥೇಟ್ ಹಾಗೆ.

ಆಗ ವೈನಿ ಚಹಾದ ಕಪ್ಪು ಕೆಳಗಿಟ್ಟು ಕೇಳಿದರು: "ಎಲ್ಲಾ ಖರೆ. ಯಾರ ಮ್ಯಾಲ ಹಾರಸಬೇಕು, ಅದನ್ನ ಮೊದಲ ಹೇಳ್ರಿ."

ಅಂದಿನಿಂದ ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತಿದೆ. ಒಂದೇ ಗುಂಡಿಗೆ ನಿಲ್ಲುತ್ತಾನೆಯೇ ಎಂದು ನಾವು ಅಷ್ಟು ಹಗುರವಾಗಿ ಕೇಳಿದೆವಲ್ಲ, ಅದರ ಅರ್ಥವೇನು? ಸಾಯುತ್ತಾನೆಯೇ ಎಂದೇ ಅಲ್ಲವೇ? ಮಿಲಿಮೀಟರು, ಗ್ರಾಮು, ಬೋರು ಇವೆಲ್ಲ ಆ ಪ್ರಶ್ನೆಯ ಮೇಲೆ ಹೊದಿಸಿದ ಮರ್ಯಾದೆಯ ಸೆರಗು. ಯಾವುದು ಬೇಕು ಎಂದು ಆರಿಸಲು ಕೂತ ಕೂಡಲೇ, ಬೇಕೇ ಬೇಡವೇ ಎಂಬುದು ತೀರ್ಮಾನವಾಗಿಬಿಟ್ಟಂತೆ. ಅಂಗಡಿಯವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ನಮ್ಮ ಕೋಟೆಯ ಮೇಲಿನ 29 ಅಡಿ ಉದ್ದದ ತೋಪು ನೋಡಲು ಬರುವವರೂ ಅದರ ಉದ್ದವನ್ನೇ ಕೇಳುತ್ತಾರೆ, ಮಕ್ಕಳನ್ನು ಹತ್ತಿರ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಅದು ಯಾರ ಮೇಲೆ ಸಿಡಿಯಿತು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಹಾಗೆಂದು, ಬಂದೂಕು ಪಾಪ ಎಂದು ಉಪದೇಶ ಮಾಡುವುದೂ ನನಗೆ ಸರಿಕಾಣದು. ನಾನಿರುವುದು ಬೀದಿದೀಪದ ಕೆಳಗೆ, ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ. ರಾತ್ರಿ ಹನ್ನೊಂದಕ್ಕೆ ತೋಟದ ಕಡೆ ನಾಯಿ ಬೊಗಳಿದರೆ ಎದ್ದು ಕೂರುವವರು ವೈನಿ. ಹೆಣ್ಣಿಗೆ ಅಹಿಂಸೆಯ ಪಾಠ ಹೇಳುವವರು ಸಾಮಾನ್ಯವಾಗಿ ಬಾಗಿಲಿಗೆ ಅಗಳಿ ಹಾಕಿಕೊಂಡೇ ಹೇಳುತ್ತಾರೆ. ಕಾನೂನೂ ಅವರ ಪಕ್ಷದಲ್ಲಿದೆ. ಜೀವಕ್ಕೆ, ಮಾನಕ್ಕೆ ಎರಗಿ ಬಂದವನನ್ನು ತಡೆಯುವಾಗ ಅವನ ಪ್ರಾಣ ಹೋದರೂ ಅದು ಅಪರಾಧವಲ್ಲ ಎಂದು ಹಳೆಯ ದಂಡಸಂಹಿತೆ ಹೇಳುತ್ತಿತ್ತು, 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯೂ ಹೇಳುತ್ತದೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಕೂಡದು, ಅಷ್ಟೇ. ಆ ಗಳಿಗೆಯಲ್ಲಿ ಅಗತ್ಯವೆಷ್ಟು ಎಂದು ತೂಗುವ ತಕ್ಕಡಿ ಯಾರ ಕೈಯಲ್ಲಿರುತ್ತದೋ!

ಆದರೆ ಬರುವವನು ಯಾರು? ಕತ್ತಲಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬರುವ ಅಪರಿಚಿತನನ್ನು ಕಲ್ಪಿಸಿಕೊಂಡು ನಾವು ರಿವಾಲ್ವರ್ ಆರಿಸುತ್ತೇವೆ. ದೇಶದ ಅಪರಾಧದ ಅಂಕಿಅಂಶಗಳು ವರ್ಷವರ್ಷವೂ ಹೇಳುತ್ತ ಬಂದಿರುವುದು ಬೇರೆ: ಅತ್ಯಾಚಾರದ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಆ ಹೆಣ್ಣಿಗೆ ಗೊತ್ತಿದ್ದವನೇ. ನೆರೆಯವ, ನೆಂಟ, ಪರಿಚಯದವ. ಕಾಕಾ, ಮಾಮಾ ಎಂದು ಕರೆಸಿಕೊಂಡವನ ಎದುರು ಪರ್ಸಿನ ಜಿಪ್ಪು ಎಳೆಯುವ ಗಳಿಗೆ ಯಾವುದು? ಅವನು ಒಳಗೆ ಬಂದು ನೀರು ಕೇಳಿದಾಗಲೇ?

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರ ಮನೆಗೆ ಬಂದವರಿಗೆ ಬಾಗಿಲು ತೆರೆದವರು ಅವರ ಪತ್ನಿ. ಬೆಳಗಿನ ಹೊತ್ತು, ಓದುಬರಹದ ಮನೆ, ಯಾರೋ ಹುಡುಗರು ಬಂದಿದ್ದಾರೆಂದರೆ ಯಾವ ಗೃಹಿಣಿ ತಾನೇ ತೆರೆಯುವುದಿಲ್ಲ? 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರಿಗೆ ಗುಂಡು ಹೊಡೆದದ್ದು ಅವರ ಮನೆಯ ಬಾಗಿಲಲ್ಲೇ. ಎರಡಕ್ಕೂ ಬಳಸಿದ್ದು ಒಂದೇ ನಾಡಪಿಸ್ತೂಲು, 7.65 ಎಂ.ಎಂ. ಎಂದು ತನಿಖೆಯವರು ಹೇಳಿದರು. ತೋಟೆ ಬೇರೆ ಜಾತಿಯದಾದರೂ 7.65 ಎಂದರೆ ಬೋರಿನ ಲೆಕ್ಕದಲ್ಲಿ .32ರ ಮನೆತನದ್ದೇ. ನಮ್ಮ ಚಹಾದ ಹೊತ್ತಿನ ಮಾತಿನಲ್ಲಿ 'ಪರವಾಗಿಲ್ಲ' ಎನಿಸಿಕೊಂಡ ನಂಬರು.

ಕೊಡಗಿನವರ ಮಾತು ಬೇರೆ. ಬ್ರಿಟಿಷರ ಕಾಲದಿಂದ ಅವರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷ ಮುಂದುವರಿಸಿದರು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಆ ಕೋವಿ ಮನೆತನದ್ದು, ಅಜ್ಜಮುತ್ತಜ್ಜರ ಹೆಸರಿನದು. ನಮ್ಮ ಕೈಗೆ ಬರುವುದು ಬರೀ ಹೆದರಿಕೆಯ ಕೈಯಿಂದ ಬರುತ್ತದೆ. ಇಷ್ಟದ್ದು ಎಂದು ಕರೆದರೆ ನಾಲಿಗೆಗೇ ಸುಳ್ಳು ಗೊತ್ತಾಗುತ್ತದೆ.

ನಾನು ಅರ್ಜಿಯ ಕಾಗದ ತರಿಸಿದೆ. ವೈದ್ಯರ ಸರ್ಟಿಫಿಕೇಟು, ತರಬೇತಿ, ಆಯುಧವನ್ನು ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ. ಅದನ್ನು ಓದಿ ವೈನಿ ನಕ್ಕರು. "ತಿಜೋರ್‍ಯಾಗ ಕೀಲಿ ಹಾಕಿ ಇಡಬೇಕಂತ. ಕಳ್ಳ ಬಂದಾಗ, ತಡಿಯಪ್ಪಾ, ಕೀಲಿಕೈ ಹುಡುಕ್ತೀನಿ ಅಂತ ಅನಬೇಕೇನು?" ಚುನಾವಣೆ ಬಂದರೆ ಅದನ್ನೂ ಒಯ್ದು ಠಾಣೆಯಲ್ಲಿಡಬೇಕು, ಅಣ್ಣ ಪ್ರತಿ ಸಲ ಗೊಣಗುತ್ತಲೇ ಇಟ್ಟು ಬರುತ್ತಿದ್ದ. ಬಳಿಕ ಬಂತು, ಯಾವ ಕಾರಣಕ್ಕೆ ಆಯುಧ ಬೇಕು ಎಂಬ ಅಂಕಣ. ಆತ್ಮರಕ್ಷಣೆ ಎಂದು ಬರಿ ಎಂದೆ. ವೈನಿ ಪೆನ್ನು ಹಿಡಿದು ಸುಮ್ಮನೆ ಕೂತರು. ಆಮೇಲೆ ನಿಧಾನವಾಗಿ, ಕೆರೆಯ ಕಡೆಯ ಬದುವಿನ ಕಲ್ಲನ್ನು ಯಾರೋ ರಾತ್ರಿ ಸರಿಸಿದ್ದಾರೆ ಎಂದರು. ಯಾರೋ ಅಲ್ಲ, ಹೆಸರು ಗೊತ್ತು. ಭಾಗದವನೇ. "ಸಣ್ಣಾವಿದ್ದಾಗ ನಮ್ಮ ಮನ್ಯಾಗ ಉಂಡು ಬೆಳದಾನ. ಅಂವಂದೇ ಅಂಜಿಕಿ ನನಗ. ಆದರ ಅಂವಗ ಹೊಡಿಲಿಕ್ಕ ನನ್ನ ಕೈ ಏಳೂದಿಲ್ಲ, ಅದು ಎಷ್ಟರ ಬೋರಿಂದರ ಇರಲಿ."

ಕೈ ಏಳಬೇಕಾದ ದಿನ ಬರಲಾರದೆಂದು ನಾನು ಹೇಗೆ ಹೇಳಲಿ? ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. "ಅವತ್ತು ನೋಡೋಣು" ಎಂದರು. ಅಳಿಯನಿಗೆ ಈ ಉತ್ತರ ಹಿಡಿಸಲಿಲ್ಲ. ಅವನದೂ ತಪ್ಪಲ್ಲ, ರಾತ್ರಿ ಅವನಿಗೂ ನಿದ್ದೆ ಬರುವುದಿಲ್ಲ.

ಸದ್ಯಕ್ಕೆ ಆ ಅರ್ಜಿ ಆ ಅಂಕಣವೊಂದು ಖಾಲಿ ಉಳಿದು ನನ್ನ ಕಪಾಟಿನಲ್ಲಿದೆ. ವೈನಿ ಅಂಗಳಕ್ಕೆ ಎರಡು ದೊಡ್ಡ ದೀಪ ಹಾಕಿಸಿದ್ದಾರೆ, ರಾತ್ರಿ ಮಲಗಲು ಆಳಿನ ಹೆಂಡತಿಯನ್ನು ಕರೆಸಿಕೊಂಡಿದ್ದಾರೆ. ಮೊನ್ನೆ ಕಮಲಾಪುರಕ್ಕೆ ಹೋಗಿ ಹೊಲದ ಹದ್ದುಬಸ್ತಿಗೆ ಸರ್ವೆಯವರ ಹತ್ತಿರ ಅರ್ಜಿ ಕೊಟ್ಟು ಬಂದರು. ಆ ಅರ್ಜಿಯಲ್ಲೂ ಕಾರಣ ಕೇಳಿದ್ದರಂತೆ. ಅಲ್ಲಿ ಮಾತ್ರ ಹೆಸರು ಸಮೇತ ಬರೆದಿದ್ದಾರೆ.